ಗಾಡಿಗೆ ಬಿದ್ದ ಏಟಿನಿಂದ ರಸ್ತೆಯನ್ನು ಓದಬಹುದೇ?

ಪ್ರಶ್ನೆ: ನಮ್ಮಲ್ಲಿ ಸಾಮಾನು ಸಾಗಿಸುವ ನಲವತ್ತು ವ್ಯಾನ್‌ಗಳಿವೆ. ದಿನಾ ಹೆಚ್ಚುಕಮ್ಮಿ ಅದೇ ದಾರಿಗಳಲ್ಲಿ ಓಡುತ್ತವೆ. ಒಂದು ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ಹಳೇ ಫೋನ್ ಕೂರಿಸಿ, ಕುಲುಕಾಟ ದಾಖಲಿಸುವ ಆ್ಯಪ್ ಹಾಕಿ ಎರಡು ವಾರ ನೋಡಿದೆ. ಒಂದೇ ಗುಂಡಿ ಸೋಮವಾರ ದೊಡ್ಡದಾಗಿ ಕಾಣುತ್ತೆ, ಮಂಗಳವಾರ ಕಾಣೋದೇ ಇಲ್ಲ. ಫೋನ್ ಸರಿಯಿಲ್ಲವಾ, ನನ್ನ ಲೆಕ್ಕ ಸರಿಯಿಲ್ಲವಾ? ಎಲ್ಲ ವ್ಯಾನಿಗೂ ಸೆನ್ಸರ್ ಹಾಕಿಸಿದರೆ ರಸ್ತೆ ಹೇಗಿದೆ ಅಂತ ನಂಬುವಂಥ ನಕ್ಷೆ ಸಿಗುತ್ತಾ? ಲೇಸರ್ ಇರುವ ಸರ್ವೆ ಗಾಡಿಯ ಬದಲು ಇಷ್ಟೇ ಸಾಕಾ?

ಉತ್ತರ: ಫೋನಿನ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಫೋನಿನೊಳಗಿನ ಆಕ್ಸೆಲೆರೋಮೀಟರ್‌ಗೆ ರಸ್ತೆ ಕಾಣಿಸುವುದಿಲ್ಲ. ವ್ಯಾನಿನ ಮೈಗೆ ಎಷ್ಟು ಏಟು ಬಿತ್ತು ಅನ್ನುವುದಷ್ಟೇ ಅದಕ್ಕೆ ಗೊತ್ತು. ಗುಂಡಿಗೂ ಆ ಏಟಿಗೂ ನಡುವೆ ಟೈರು, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಹಿಂದೆ ತುಂಬಿದ ಹೊರೆ, ವೇಗ, ಡ್ರೈವರ್ ಕೈ, ಇಷ್ಟೆಲ್ಲ ಕೂತಿವೆ. ಒಂದೊಂದೂ ಏಟನ್ನು ತನಗೆ ಬೇಕಾದಂತೆ ತಿದ್ದಿ ಮುಂದಕ್ಕೆ ದಾಟಿಸುತ್ತದೆ. ಸೋಮವಾರ ತುಂಬಿದ ವ್ಯಾನು ಮಂಗಳವಾರ ಖಾಲಿ ಇತ್ತಾ? ಟೈರಿಗೆ ಗಾಳಿ ಹೊಡೆಸಿದ್ದರಾ? ಅಥವಾ ಡ್ರೈವರ್ ಆ ಗುಂಡಿಯನ್ನು ನೆನಪಿಟ್ಟುಕೊಂಡು ಪಕ್ಕಕ್ಕೆ ತಿರುಗಿಸಿದರಾ? ಕೊನೆಯದೇ ಕಾರಣ ಆಗಿರುವುದು ಜಾಸ್ತಿ.

ಒಂದು ಗುಂಡಿಯನ್ನು ಹತ್ತಿರದಿಂದ ನೋಡೋಣ. ಅದರ ಉದ್ದ 30 ಸೆಂ.ಮೀ. ವ್ಯಾನ್ ಗಂಟೆಗೆ 36 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 10 ಮೀಟರ್. ಚಕ್ರ ಆ ಗುಂಡಿ ದಾಟಲು ಹಿಡಿಯುವುದು 0.03 ಸೆಕೆಂಡ್. ಫೋನ್ ಸೆಕೆಂಡಿಗೆ 100 ಸಲ ಅಳೆಯುತ್ತಿದ್ದರೆ ಅಷ್ಟು ಹೊತ್ತಿನಲ್ಲಿ ಸಿಗುವುದು ಬರೀ ಮೂರು ಅಂಕಿ. ಮೊದಲು ಚಕ್ರ ಕೆಳಗಿಳಿಯುತ್ತದೆ, ಆಗ ಆ್ಯಪ್ ಬರೆಯುವ ಕುಲುಕಾಟದ ಗೆರೆ ಸ್ವಲ್ಪ ಕುಸಿಯುತ್ತದೆ. ಆಮೇಲೆ ಟೈರು ಗುಂಡಿಯ ಆಚೆ ಅಂಚಿಗೆ ಬಡಿಯುತ್ತದೆ, ಗೆರೆ ಚೂಪಾಗಿ ಮೇಲಕ್ಕೆ ಹಾರುತ್ತದೆ. ನಿಮ್ಮ ಬೆನ್ನಿಗೆ ಗೊತ್ತಾಗುವ ಏಟು ಅದೇ. ಬಳಿಕ ಚಕ್ರ ಸೆಕೆಂಡಿಗೆ 10-15 ಸಲದ ಲೆಕ್ಕದಲ್ಲಿ ಪಟಪಟ ಕುಣಿದು ಸುಮ್ಮನಾಗುತ್ತದೆ. ಗಾಡಿಯ ಮೈ ಮಾತ್ರ ಸೆಕೆಂಡಿಗೆ ಒಂದೋ ಒಂದೂವರೆಯೋ ಸಲದಂತೆ ಇನ್ನೂ ತೂಗುತ್ತಿರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಇದ್ದರೆ, ಕಾಲು ಸೆಕೆಂಡ್ ಬಿಟ್ಟು ಹಿಂದಿನ ಚಕ್ರವೂ ಅದೇ ಗುಂಡಿಗೆ ಬೀಳುತ್ತದೆ. ಈ ಎರಡನೇ ಏಟು ನನಗೆ ತುಂಬ ಇಷ್ಟ. ಯಾಕೆ ಅಂದರೆ ಅದು ಸುಳ್ಳು ಹೇಳುವುದು ಕಷ್ಟ. ಫೋನ್ ಕೈಜಾರಿದರೆ, ಬಾಗಿಲು ಧಡ್ ಅಂತ ಹಾಕಿದರೆ, ಹಿಂದೆ ಡಬ್ಬ ಉರುಳಿದರೆ ಒಂದೇ ಏಟು. ರಸ್ತೆಯ ಏಟು ಜೋಡಿಯಾಗಿ ಬರುತ್ತದೆ, ವೇಗಕ್ಕೆ ಸರಿಯಾದ ಅಂತರದಲ್ಲಿ ಬರುತ್ತದೆ.

ಬಾಗಿಲಿನ ಮಾತು ಸುಮ್ನೆ ಹೇಳಿದ್ದಲ್ಲ. ನಾನು ಈ ಕೆಲಸ ಶುರುಮಾಡಿದ ದಿನಗಳಲ್ಲಿ ಒಂದು ಗಾಡಿ ಪ್ರತಿದಿನ ಒಂದೇ ಜಾಗದಲ್ಲಿ ಭಾರೀ ಗುಂಡಿ ತೋರಿಸುತ್ತಿತ್ತು. ಹೋಗಿ ನೋಡಿದರೆ ರಸ್ತೆ ಕನ್ನಡಿಯಂತೆ ಇತ್ತು. ಡ್ರೈವರ್ ಅಲ್ಲಿ ದಿನಾ ಗಾಡಿ ನಿಲ್ಲಿಸಿ, ಇಳಿದು, ಬಾಗಿಲು ಜೋರಾಗಿ ಹಾಕುತ್ತಿದ್ದ, ಅಷ್ಟೇ. ಅವತ್ತಿನಿಂದ ಗಾಡಿ ನಿಂತಿದ್ದಾಗ ಅಥವಾ ತೆವಳುತ್ತಿದ್ದಾಗ ಬಂದ ಏಟುಗಳನ್ನು ಮೊದಲು ಕಸದ ಬುಟ್ಟಿಗೆ ಹಾಕುತ್ತೇನೆ.

ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದವರಿದ್ದಾರೆ. 2008ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್ಟನ್ ಕಡೆಯ ಏಳು ಟ್ಯಾಕ್ಸಿಗಳಿಗೆ ಸೆಕೆಂಡಿಗೆ 380 ಸಲ ಅಳೆಯುವ ಸೆನ್ಸರ್ ಕೂರಿಸಿ ಓಡಿಸಿದರು. ಆ ಯೋಜನೆಗೆ 'ಪಾಟ್‌ಹೋಲ್ ಪ್ಯಾಟ್ರೋಲ್', ಅಂದರೆ ಗುಂಡಿ ಗಸ್ತು, ಅಂತ ಹೆಸರು. ಬಂದ ಏಟುಗಳನ್ನು ಅವರು ಒಂದರ ಹಿಂದೊಂದು ಜರಡಿ ಹಿಡಿದರು. ನಿಧಾನ ವೇಗದ್ದನ್ನು ಬಿಡು. ತಿರುವಿನ, ಬ್ರೇಕಿನ ನಿಧಾನ ತೂಗಾಟವನ್ನು ಸೋಸು. ಮೇಲೆ-ಕೆಳಗಿನ ಏಟು ಸಣ್ಣದಿದ್ದರೆ ಬಿಡು. ಆಮೇಲಿನದು ಜಾಣತನದ ಜರಡಿ: ಗುಂಡಿಗೆ ಸಾಮಾನ್ಯವಾಗಿ ಒಂದು ಬದಿಯ ಚಕ್ರ ಬೀಳುತ್ತದೆ, ಗಾಡಿ ಪಕ್ಕಕ್ಕೂ ವಾಲುತ್ತದೆ. ಹಂಪ್‌ಗೆ ಅಥವಾ ಸೇತುವೆ ಜಾಯಿಂಟ್‌ಗೆ ಎರಡೂ ಬದಿ ಒಟ್ಟಿಗೆ ಏರಿ ಇಳಿಯುತ್ತವೆ. ಪಕ್ಕದ ವಾಲಾಟ ಇಲ್ಲದ ಏಟು ಗುಂಡಿಯಲ್ಲ ಅಂತ ಅವರು ತೆಗೆದುಹಾಕಿದರು. ಕೊನೆಗೆ, ಒಂದೇ ಜಾಗದಲ್ಲಿ ಹಲವು ಸಲ ಸಿಕ್ಕ ಏಟನ್ನಷ್ಟೇ ಲೆಕ್ಕಕ್ಕೆ ಹಿಡಿದರು.

ಅದೇ ವರ್ಷ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರು 'ನೆರಿಸೆಲ್' ಅಂತ ಮಾಡಿದರು. ಟ್ಯಾಕ್ಸಿಗೆ ಬಿಗಿದ ಪೆಟ್ಟಿಗೆಯ ಬದಲು ಜೇಬಿನಲ್ಲಿರುವ ಫೋನಿನಿಂದಲೇ ಈ ಕೆಲಸ ಆಗುತ್ತದಾ ಅಂತ ನೋಡಿದವರು ಅವರು. ಹಾರ್ನ್ ಸದ್ದನ್ನೂ ಮೈಕಿನಿಂದ ಎಣಿಸಿದರು. ಜೇಬಿನಲ್ಲಿ ಫೋನ್ ಹೇಗಾದರೂ ಬಿದ್ದಿರುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಅಂತ ಹೇಗೆ ತಿಳಿಯುವುದು? ಗಾಡಿ ಸ್ಥಿರವಾಗಿದ್ದಾಗ ಭೂಮಿಯ ಸೆಳೆತ ಯಾವ ಕಡೆಗಿದೆಯೋ ಅದೇ ಕೆಳಗೆ. ಬ್ರೇಕ್ ಹಾಕಿದಾಗ ನೂಕು ಯಾವ ನೇರಕ್ಕೆ ಬರುತ್ತದೋ ಅದು ಗಾಡಿಯ ಹಿಂದುಮುಂದಿನ ನೇರ. ಇವೆರಡು ಸಿಕ್ಕರೆ ಫೋನನ್ನು ಲೆಕ್ಕದಲ್ಲೇ ತಿರುಗಿಸಿ ನೆಟ್ಟಗೆ ಕೂರಿಸಬಹುದು. ಇನ್ನೊಂದು ವಿಷಯವನ್ನೂ ಅವರು ಸರಿಯಾಗಿ ಹಿಡಿದರು. ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಚೂಪಾದ ಏಟು ಸಿಗುವುದೇ ಇಲ್ಲ. ಚಕ್ರ ಮೆಲ್ಲಗೆ ಇಳಿದು ಮೆಲ್ಲಗೆ ಹತ್ತುತ್ತದೆ. ಆಗ ಏಟು ಹುಡುಕುವ ಬದಲು, ಗೆರೆ ಕನಿಷ್ಠ 20 ಮಿಲಿಸೆಕೆಂಡ್ ಕುಸಿದೇ ಇತ್ತಾ ಅಂತ ನೋಡಬೇಕು. ನಿಮ್ಮ ಮಂಗಳವಾರದ ಗುಂಡಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಕಳೆದುಹೋಗಿರಬಹುದು. ಆ್ಯಪ್ ಒಂದೇ ಮಟ್ಟ ಇಟ್ಟುಕೊಂಡು ಎಲ್ಲ ವೇಗಕ್ಕೂ ಅದನ್ನೇ ಹಾಕುತ್ತಿದ್ದರೆ ಹೀಗೇ ಆಗುವುದು.

ಈಗ ಲೇಸರ್ ಗಾಡಿಯ ಪ್ರಶ್ನೆ. ತಮಾಷೆ ಅಂದರೆ ಅದರಲ್ಲೂ ಆಕ್ಸೆಲೆರೋಮೀಟರ್ ಇರುತ್ತದೆ. ಲೇಸರ್ ನೆಲಕ್ಕೆ ಇರುವ ದೂರ ಅಳೆಯುತ್ತದೆ, ಆದರೆ ಗಾಡಿಯೇ ಮೇಲೆ ಕೆಳಗೆ ತೂಗುತ್ತಿದ್ದರೆ ಆ ದೂರ ಸುಳ್ಳಾಗುತ್ತದೆ. ಆ ತೂಗಾಟವನ್ನು ಆಕ್ಸೆಲೆರೋಮೀಟರ್‌ನಿಂದ ತಿಳಿದು ಕಳೆದುಬಿಡುತ್ತಾರೆ. ಉಳಿಯುವುದು ರಸ್ತೆಯ ನಿಜವಾದ ಏರಿಳಿತ. ಗಾಡಿ ಯಾವುದಾದರೇನು, ಏರಿಳಿತ ಅದೇ. ಆ ಏರಿಳಿತವನ್ನು ಒಂದು ಅಂಕಿಗೆ ಇಳಿಸಲು ವಿಶ್ವ ಬ್ಯಾಂಕ್ 1982ರಲ್ಲಿ ಬ್ರೆಜಿಲ್‌ನಲ್ಲಿ ದೊಡ್ಡ ಪ್ರಯೋಗ ಮಾಡಿಸಿತು. ಅದರಿಂದ ಹುಟ್ಟಿದ್ದೇ ಐಆರ್‌ಐ ಅನ್ನುವ ಒರಟುತನದ ಅಳತೆ. ಕಂಪ್ಯೂಟರ್ ಒಳಗೆ ಒಂದು ಕಾಲ್ಪನಿಕ ಗಾಡಿ ಇದೆ: ಒಂದು ಚಕ್ರ, ಒಂದು ಸ್ಪ್ರಿಂಗ್, ಒಂದು ಶಾಕ್ ಅಬ್ಸಾರ್ಬರ್. ಅಳೆದ ಏರಿಳಿತದ ಮೇಲೆ ಅದನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಿಸುತ್ತಾರೆ. ಒಂದು ಕಿಲೋಮೀಟರಿಗೆ ಸಸ್ಪೆನ್ಷನ್ ಒಟ್ಟು ಎಷ್ಟು ಮೀಟರ್ ಕುಣಿಯಿತು ಅನ್ನುವುದೇ ಉತ್ತರ. ಸೊನ್ನೆ ಬಂದರೆ ಪೂರ್ತಿ ಸಮತಟ್ಟು. ಆ ಗಾಡಿಗೆ ವಯಸ್ಸಾಗುವುದಿಲ್ಲ, ಟೈರಿನ ಗಾಳಿ ಇಳಿಯುವುದಿಲ್ಲ. ಪ್ರಪಂಚದ ಎಲ್ಲ ಕಡೆ ಅದೇ ಗಾಡಿ.

ನಿಮ್ಮ ವ್ಯಾನು ಅದರ ತದ್ವಿರುದ್ಧ. ಆದರೂ ನಿರಾಶೆ ಬೇಡ. ಗಾಡಿಯ ಕುಣಿತದಿಂದ ರಸ್ತೆ ಅಳೆಯುವುದು ಹಳೇ ವಿದ್ಯೆ. ಲೇಸರ್ ಬರುವ ಎಷ್ಟೋ ಮೊದಲು ಬಂಪ್ ಇಂಟಿಗ್ರೇಟರ್ ಅನ್ನುವ ಒಂಟಿ ಚಕ್ರದ ಗಾಡಿಯನ್ನು ಜೀಪಿನ ಹಿಂದೆ ಕಟ್ಟಿ, ಗಂಟೆಗೆ 32 ಕಿ.ಮೀ. ವೇಗದಲ್ಲಿ ಎಳೆದು, ಕುಣಿತವನ್ನು ಕೂಡಿಸುತ್ತಿದ್ದರು. ವೇಗ ಒಂದೇ ಇರಲಿ ಅಂತ ಡ್ರೈವರ್‌ಗೆ ಕಟ್ಟುನಿಟ್ಟು. ಟೈರಿನ ಗಾಳಿ ನೋಡಿಯೇ ಹೊರಡುತ್ತಿದ್ದರು. ಅಷ್ಟೆಲ್ಲ ಮಾಡಿದ ಮೇಲೂ ಅಳತೆ ಗೊತ್ತಿರುವ ರಸ್ತೆಯ ಮೇಲೆ ಆಗಾಗ ಓಡಿಸಿ ತಾಳೆ ನೋಡಬೇಕಿತ್ತು. ನಿಮ್ಮ ವ್ಯಾನಿಗೂ ಅದೇ ಔಷಧ. ಲೇಸರ್ ಗಾಡಿ ಅಳೆದ ನಾಲ್ಕೈದು ಕಿಲೋಮೀಟರ್ ಸಿಕ್ಕರೆ, ಅದರ ಮೇಲೆ ಪ್ರತಿ ವ್ಯಾನನ್ನೂ ಬೇರೆ ಬೇರೆ ವೇಗದಲ್ಲಿ ಓಡಿಸಿ, ಈ ವ್ಯಾನಿನ ಇಷ್ಟು ಕುಲುಕಾಟ ಅಂದರೆ ಆ ರಸ್ತೆಯ ಇಷ್ಟು ಒರಟುತನ ಅಂತ ಹೊಂದಿಸಿಕೊಳ್ಳಿ. ಲೇಸರ್ ಗಾಡಿಯನ್ನು ಪೂರ್ತಿ ಕೈಬಿಡಬೇಡಿ ಅನ್ನುವುದು ಇದಕ್ಕೇ. ಅದು ವರ್ಷಕ್ಕೊಮ್ಮೆ ಬಂದು ತೂಕದ ಕಲ್ಲು ಇಟ್ಟು ಹೋಗಲಿ. ನಡುವಿನ ದಿನಗಳಲ್ಲಿ ನಿಮ್ಮ ವ್ಯಾನುಗಳು ತೂಗುತ್ತಿರಲಿ.

ಇಲ್ಲಿಗೆ ನನ್ನ ಮುಖ್ಯ ಮಾತು ಬಂತು. ನೀವು ಏಟುಗಳನ್ನು ದಾಖಲಿಸುತ್ತಿದ್ದೀರಿ. ಏಟು ಬೀಳದ ಓಡಾಟವನ್ನೂ ದಾಖಲಿಸುತ್ತಿದ್ದೀರಾ? ಬಹಳ ಆ್ಯಪ್‌ಗಳು ದಾಖಲಿಸುವುದಿಲ್ಲ. ಈ ಜಾಗದಲ್ಲಿ ಆರು ಏಟು ಅಂದರೆ ಏನು ಅರ್ಥ? ಎಂಟು ಸಲ ಹೋಗಿ ಆರು ಏಟಾದರೆ ಅಲ್ಲಿ ದೊಡ್ಡ ಗುಂಡಿ ಇದೆ. ಆರುನೂರು ಸಲ ಹೋಗಿ ಆರಾದರೆ ಬಹುಶಃ ಅಲ್ಲಿ ಏನೂ ಇಲ್ಲ. ಹೋದೆ, ಏನೂ ಆಗಲಿಲ್ಲ ಅನ್ನುವ ಸಾಲು ಏಟಿನಷ್ಟೇ ಬೆಲೆಯುಳ್ಳದ್ದು. ಗುಂಡಿ ಮುಚ್ಚಿದ್ದು ಗೊತ್ತಾಗುವುದೂ ಅದರಿಂದಲೇ. ಏಟು ನಿಂತುಹೋಗಿ, ಓಡಾಟ ಮಾತ್ರ ಮುಂದುವರಿದಿದ್ದರೆ ಯಾರೋ ತೇಪೆ ಹಾಕಿದ್ದಾರೆ. ಓಡಾಟವೂ ನಿಂತಿದ್ದರೆ ರಸ್ತೆ ಬಂದ್ ಆಗಿರಬಹುದು, ಅಥವಾ ಡ್ರೈವರ್‌ಗಳು ದಾರಿ ಬದಲಿಸಿರಬಹುದು.

ಎಷ್ಟು ಸಲ ಹೋದರೆ ಸಾಕು? ಒಂದು ಸಣ್ಣ ಲೆಕ್ಕ ಹಾಕೋಣ. ಗುಂಡಿ ಇರುವ ಜಾಗ ದಾಟುವಾಗ ಮೂರರಲ್ಲಿ ಒಂದು ಸಲ ಚಕ್ರ ಅದಕ್ಕೆ ಬೀಳುತ್ತದೆ ಅಂದುಕೊಳ್ಳಿ. ಕನಿಷ್ಠ ಮೂರು ಏಟು ಸಿಕ್ಕರೆ ಮಾತ್ರ ನಂಬುತ್ತೇನೆ ಅಂತ ನಿಯಮ ಇಟ್ಟುಕೊಂಡರೆ, 10 ಸಲ ಹೋದಾಗ ಆ ಗುಂಡಿ ಸಿಕ್ಕಿಬೀಳುವ ಸಾಧ್ಯತೆ ಸುಮಾರು ಶೇ. 70. 20 ಸಲ ಹೋದರೆ ಸುಮಾರು ಶೇ. 98. ನಲವತ್ತು ವ್ಯಾನುಗಳಿಗೆ 20 ಓಟ ಅಂದರೆ ಎಷ್ಟು ಹೊತ್ತಿನ ಮಾತು? ದಿನಾ ಒಂದೇ ದಾರಿಯಲ್ಲಿ ಓಡುತ್ತೇವೆ ಅಂದಿರಲ್ಲ, ಅದು ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಊರೆಲ್ಲ ಒಂದೊಂದು ಸಲ ಸುತ್ತುವ ನೂರು ಫೋನುಗಳಿಗಿಂತ ಒಂದೇ ರಸ್ತೆಯನ್ನು ಇಪ್ಪತ್ತು ಸಲ ತುಳಿಯುವ ಒಂದು ವ್ಯಾನು ಮೇಲು.

ಒಂದು ಬಲೆ ಇದೆ, ಹುಷಾರು. ಗುಂಡಿ ದೊಡ್ಡದಾದಷ್ಟೂ ಜನ ಅದನ್ನು ತಪ್ಪಿಸುತ್ತಾರೆ. ಕೈಯಗಲದ ಗುಂಡಿಗೆ ಎಲ್ಲರೂ ಬೀಳುತ್ತಾರೆ. ತೊಟ್ಟಿಯಂಥ ಗುಂಡಿಗೆ ಹಗಲಿನಲ್ಲಿ ಯಾರೂ ಬೀಳುವುದಿಲ್ಲ. ಅಂಥ ಜಾಗದಲ್ಲಿ ನಿಮ್ಮ ನಕ್ಷೆ ರಸ್ತೆ ಚೆನ್ನಾಗಿದೆ ಅಂತ ಹೇಳುತ್ತದೆ! ಅದಕ್ಕೆ ಫೋನಿನೊಳಗಿನ ಗೈರೋಸ್ಕೋಪ್, ಅಂದರೆ ಗಾಡಿ ತಿರುಗಿದ್ದನ್ನು ಅಳೆಯುವ ಸೆನ್ಸರ್, ಅದರ ಕಡೆಗೂ ಒಂದು ಕಣ್ಣಿಡಿ. ನೇರ ರಸ್ತೆಯಲ್ಲಿ, ತಿರುವೇ ಇಲ್ಲದ ಕಡೆ, ಗಾಡಿಗಳೆಲ್ಲ ಒಂದೇ ಜಾಗದಲ್ಲಿ ಬ್ರೇಕ್ ಹಾಕಿ ಎಡಕ್ಕೋ ಬಲಕ್ಕೋ ಸರಿದು ಮತ್ತೆ ನೇರಕ್ಕೆ ಬರುತ್ತಿದ್ದರೆ, ಅಲ್ಲಿ ಏನೋ ಇದೆ. ರಾತ್ರಿಯ ಓಟಗಳನ್ನು ಬೇರೆಯಾಗಿ ನೋಡುವುದೂ ಒಳ್ಳೆಯದು. ಕತ್ತಲಲ್ಲಿ, ಮಳೆಯಲ್ಲಿ ತಪ್ಪಿಸುವುದು ಕಷ್ಟ.

ಜಿಪಿಎಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋನ್ ಹೇಳುವ ಜಾಗ ಬಯಲಲ್ಲೇ ಕೆಲವು ಮೀಟರ್ ಆಚೀಚೆ ಇರುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಸೆಕೆಂಡಿಗೆ ಒಂದೇ ಸಲ ಜಾಗ ಹೇಳುವ ಜಿಪಿಎಸ್ ಇದ್ದು, ವೇಗ 54 ಕಿ.ಮೀ. ಇದ್ದರೆ, ಎರಡು ಗುರುತುಗಳ ನಡುವೆಯೇ 15 ಮೀಟರ್ ಇರುತ್ತದೆ. ಏಟಿನ ಸಮಯವನ್ನು ಸರಿಯಾಗಿ ಬರೆದುಕೊಂಡು ನಡುವಿನ ಜಾಗವನ್ನು ಲೆಕ್ಕ ಹಾಕಿ. ಹತ್ತಿಪ್ಪತ್ತು ಓಟಗಳ ಗುರುತುಗಳನ್ನು ಸರಾಸರಿ ಮಾಡಿದರೆ ಜಾಗ ತಾನಾಗಿಯೇ ಬಿಗಿಯಾಗುತ್ತದೆ. ಮೇಲ್ಸೇತುವೆ ಮತ್ತು ಅದರ ಕೆಳಗಿನ ರಸ್ತೆ ಮಾತ್ರ ತಲೆನೋವು. ಆ ಕ್ಷಣದ ಗುರುತು ನಂಬಬೇಡಿ, ಗಾಡಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದನ್ನು ನೋಡಿ ತೀರ್ಮಾನಿಸಿ.

ಏಟು ನಿಜ, ಜಾಗವೂ ನಿಜ, ಆದರೂ ಅದು ಗುಂಡಿಯಲ್ಲ. ಹೀಗೂ ಆಗುತ್ತದೆ. ಬಾಸ್ಟನ್ ನಗರಾಡಳಿತ 2012ರಲ್ಲಿ 'ಸ್ಟ್ರೀಟ್ ಬಂಪ್' ಅನ್ನುವ ಆ್ಯಪ್ ಬಿಟ್ಟಿತು. ಗುಂಡಿ ಹುಡುಕಲು ಹೊರಟವರಿಗೆ ಹೆಚ್ಚಾಗಿ ಸಿಕ್ಕಿದ್ದು ರಸ್ತೆ ಮಟ್ಟಕ್ಕಿಂತ ಕುಸಿದ ಅಥವಾ ಎದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳಗಳು, ಅಂಥವೇ ಕಬ್ಬಿಣದ ಚೌಕಟ್ಟುಗಳು. ನನಗೆ ಇದು ಸೋಲು ಅಂತ ಅನಿಸುವುದಿಲ್ಲ. ಗಾಡಿಯ ಬೆನ್ನಿಗೆ ಯಾರು ಏಟು ಕೊಟ್ಟರೇನು? ಆದರೆ ಡಾಂಬರು ಹಾಕುವವರನ್ನು ಕಳಿಸುವುದಾ, ಮುಚ್ಚಳದ ಮಟ್ಟ ಸರಿಮಾಡುವವರನ್ನು ಕಳಿಸುವುದಾ ಅನ್ನುವುದು ಗೊತ್ತಾಗಬೇಕಲ್ವಾ? ಹಂಪ್, ಜಾಯಿಂಟ್, ರೈಲ್ವೆ ಗೇಟ್, ಮ್ಯಾನ್‌ಹೋಲ್ ಇವುಗಳ ಪಟ್ಟಿ ಸಿಕ್ಕರೆ ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಡಿ. ಅದೇ ಆ್ಯಪ್ ಇನ್ನೊಂದು ಪಾಠವನ್ನೂ ಕಲಿಸಿತು. ಸ್ಮಾರ್ಟ್‌ಫೋನ್ ಕಡಿಮೆ ಇರುವ ಬಡವರ, ವಯಸ್ಸಾದವರ ಬೀದಿಗಳಿಂದ ದೂರು ಕಡಿಮೆ ಬರುತ್ತದೆ ಅನ್ನುವ ಟೀಕೆ ಬಂತು. ನಿಮ್ಮ ವ್ಯಾನುಗಳಿಗೂ ಇದು ಅನ್ವಯ. ಅವು ಸಾಮಾನು ಇಳಿಸುವ ಬೀದಿಗಳಷ್ಟೇ ನಿಮ್ಮ ನಕ್ಷೆಯಲ್ಲಿ ಇರುತ್ತವೆ. ಉಳಿದ ಬೀದಿಗಳನ್ನು ಹಸಿರು ಬಣ್ಣದಲ್ಲಿ ತೋರಿಸಬೇಡಿ, ಬೂದು ಬಣ್ಣದಲ್ಲಿ ಬಿಡಿ.

ಬಿರುಕು? ಕುಲುಕಾಟದಿಂದ ಸಿಗುವುದಿಲ್ಲ. ಕೂದಲೆಳೆಯ ಬಿರುಕಿನ ಮೇಲೆ ಟೈರು ಏನೂ ಆಗದಂತೆ ಹಾದುಹೋಗುತ್ತದೆ. ಆದರೆ ನೀರು ಒಳಗಿಳಿಯುವುದು ಅಲ್ಲಿಂದಲೇ, ಮುಂದಿನ ಗುಂಡಿ ಹುಟ್ಟುವುದೂ ಅಲ್ಲೇ. ಅದಕ್ಕೆ ಕ್ಯಾಮೆರಾ ಬೇಕು. ಟೋಕಿಯೋ ವಿಶ್ವವಿದ್ಯಾಲಯದವರು ಕಾರಿನ ಡ್ಯಾಶ್‌ಬೋರ್ಡ್ ಮೇಲಿನ ಫೋನಿನಿಂದ ತೆಗೆದ 9,053 ಚಿತ್ರಗಳಲ್ಲಿ ಬಿರುಕು, ಗುಂಡಿಗಳನ್ನು ಗುರುತು ಮಾಡಿ 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಭಾರತದ, ಜೆಕ್ ಗಣರಾಜ್ಯದ ರಸ್ತೆಗಳೂ ಅದಕ್ಕೆ ಸೇರಿದವು. ಕ್ಯಾಮೆರಾಗೂ ಅದರದೇ ಕುರುಡು ಇದೆ. ಮರದ ನೆರಳು ಬಿರುಕಿನಂತೆ ಕಾಣುತ್ತದೆ, ನೀರು ತುಂಬಿದ ಗುಂಡಿ ಸಮತಟ್ಟಾದ ಹೊಳಪಿನಂತೆ ಕಾಣುತ್ತದೆ. ಚಕ್ರಕ್ಕೆ ನೀರಿನ ಮೋಸ ನಡೆಯುವುದಿಲ್ಲ. ಎರಡನ್ನೂ ಜೋಡಿಸಿದರೆ ಒಳ್ಳೆಯದು, ಆದರೆ ನೀವು ಈಗಲೇ ಕ್ಯಾಮೆರಾಗೆ ಕೈಹಾಕಬೇಡಿ. ದಾರಿಹೋಕರ ಮುಖ, ನಂಬರ್ ಪ್ಲೇಟ್ ಎಲ್ಲ ಮಸುಕು ಮಾಡುವ ಕೆಲಸ ಸೇರಿಕೊಳ್ಳುತ್ತದೆ.

ಜಾರುವಿಕೆ ಇನ್ನೊಂದು ಕಥೆ, ನೀವು ಕೇಳಿಲ್ಲ, ಆದರೂ ಎರಡು ಮಾತು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯ ಪ್ರತಿ ಚಕ್ರದಲ್ಲೂ ವೇಗ ಅಳೆಯುವ ಸೆನ್ಸರ್ ಈಗಾಗಲೇ ಇದೆ. ಎಂಜಿನ್ ತಿರುಗಿಸುವ ಚಕ್ರ ಉಳಿದವಕ್ಕಿಂತ ಕೂದಲಷ್ಟು ಜೋರಾಗಿ ತಿರುಗುತ್ತದೆ. ಆ ವ್ಯತ್ಯಾಸ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಅಂತ ಅಂದಾಜು ಸಿಗುತ್ತದೆ. ಹಿಮ ಬೀಳುವ ಸ್ವೀಡನ್, ನಾರ್ವೆಗಳಲ್ಲಿ ವೋಲ್ವೋ 2016ರಿಂದ ತನ್ನ ಕೆಲವು ಕಾರುಗಳಲ್ಲಿ ಮುಂದೆ ಜಾರುವ ರಸ್ತೆ ಇದೆ ಅಂತ ಹಿಂದಿನ ಕಾರಿಗೆ ಹೇಳುವ ವ್ಯವಸ್ಥೆ ಇಟ್ಟಿದೆ. ಅದಕ್ಕೆ ಹೊಸ ಸೆನ್ಸರ್ ಏನೂ ಬೇಕಾಗಲಿಲ್ಲ.

ಮಾರುವವರು ಬಂದು ನಮ್ಮ ಎಐ ಗುಂಡಿಯನ್ನು ಶೇ. 99 ನಿಖರವಾಗಿ ಹಿಡಿಯುತ್ತದೆ ಅಂದರೆ ಎರಡು ಪ್ರಶ್ನೆ ಕೇಳಿ. ಸಾವಿರ ತುಣುಕುಗಳಲ್ಲಿ ಒಂದರಲ್ಲಿ ಮಾತ್ರ ಗುಂಡಿ ಇದ್ದರೆ, ಎಲ್ಲಿಯೂ ಗುಂಡಿ ಇಲ್ಲ ಅಂತ ಕಣ್ಣುಮುಚ್ಚಿ ಹೇಳುವ ಪ್ರೋಗ್ರಾಮ್‌ಗೂ ಶೇ. 99.9 ಸಿಗುತ್ತದೆ. ಹಾಗಾಗಿ ಇದ್ದ ಗುಂಡಿಗಳಲ್ಲಿ ಎಷ್ಟು ಹಿಡಿದಿರಿ, ನೀವು ಗುಂಡಿ ಅಂದದ್ದರಲ್ಲಿ ಎಷ್ಟು ನಿಜ ಅಂತ ಬೇರೆ ಬೇರೆಯಾಗಿ ಕೇಳಿ. ಎರಡನೆಯದು: ಕಲಿಸಿದ ಗಾಡಿಯ ಮೇಲೆಯೇ ಪರೀಕ್ಷೆ ಮಾಡಿದಿರಾ? ಒಂದೇ ಓಟವನ್ನು ಚೂರು ಮಾಡಿ ಅರ್ಧ ಕಲಿಕೆಗೆ, ಅರ್ಧ ಪರೀಕ್ಷೆಗೆ ಇಟ್ಟರೆ ಪ್ರಶ್ನೆಪತ್ರಿಕೆ ಮೊದಲೇ ಸೋರಿದ ಹಾಗೆ. ಬೇರೆ ಗಾಡಿ, ಬೇರೆ ರಸ್ತೆ, ಬೇರೆ ಡ್ರೈವರ್ ಮೇಲೆ ಪರೀಕ್ಷಿಸಿದ ಅಂಕಿ ತೋರಿಸಿ ಅನ್ನಿ. ಆ ಅಂಕಿ ಸಾಮಾನ್ಯವಾಗಿ ಮೊದಲಿನಷ್ಟು ಚೆಂದ ಇರುವುದಿಲ್ಲ.

ಡೇಟಾ ಭಾರದ ಚಿಂತೆ ಬೇಡ. ಮೂರು ದಿಕ್ಕು, ಸೆಕೆಂಡಿಗೆ 100 ಅಳತೆ, ಒಂದೊಂದಕ್ಕೆ 2 ಬೈಟ್ ಅಂದರೂ ಗಂಟೆಗೆ ಸುಮಾರು 2 ಎಂಬಿ. ರಾತ್ರಿ ವ್ಯಾನು ನಿಂತಾಗ ವೈಫೈನಲ್ಲಿ ಕಳಿಸಬಹುದು. ಚಿಂತೆ ಇರಬೇಕಾದದ್ದು ಡ್ರೈವರ್‌ಗಳ ಬಗ್ಗೆ. ಇದೇ ಸೆನ್ಸರ್ ಯಾರು ಎಲ್ಲಿ ನಿಂತರು, ಎಷ್ಟು ಜೋರಾಗಿ ಓಡಿಸಿದರು ಅಂತಲೂ ಹೇಳುತ್ತದೆ. ರಸ್ತೆ ನೋಡುತ್ತೇವೆ ಅಂತ ಹಾಕಿಸಿ ಆಮೇಲೆ ಡ್ರೈವರ್‌ಗೆ ನೋಟಿಸ್ ಕೊಟ್ಟರೆ, ಮಾರನೇ ದಿನದಿಂದ ಫೋನುಗಳು ಸೀಟಿನ ಕೆಳಗೆ ಬಟ್ಟೆ ಸುತ್ತಿಕೊಂಡು ಮಲಗಿರುತ್ತವೆ. ದಾಖಲೆಯಲ್ಲಿ ಡ್ರೈವರ್ ಹೆಸರೇ ಇರದಂತೆ ನೋಡಿಕೊಳ್ಳಿ. ಪ್ರತಿ ಓಟದ ಮೊದಲ ಮತ್ತು ಕೊನೆಯ ಕೆಲವು ನೂರು ಮೀಟರ್ ಅಳಿಸಿಬಿಡಿ. ಮತ್ತು ಅದನ್ನು ಅವರಿಗೆ ಮೊದಲೇ ಹೇಳಿ.

ನಾನಾಗಿದ್ದರೆ ನಲವತ್ತಕ್ಕೂ ಒಟ್ಟಿಗೆ ಹಾಕಿಸುತ್ತಿರಲಿಲ್ಲ. ಒಂದೇ ಮಾದರಿಯ ಮೂರು ವ್ಯಾನ್ ಆರಿಸಿ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಬೇಡಿ, ಸ್ಟ್ಯಾಂಡು ತಾನೇ ನಡುಗುತ್ತದೆ. ಗಾಡಿಯ ಲೋಹದ ಭಾಗಕ್ಕೆ ಬಿಗಿಯಾಗಿ ಸ್ಕ್ರೂ ಹಾಕಿ. ಬಿಗಿ ಇದೆಯೇ ಅಂತ ನೋಡಲು ಪಕ್ಕದಲ್ಲಿ ಬೆರಳಿನಿಂದ ಒಮ್ಮೆ ಕುಟ್ಟಿ. ಗೆರೆ ಒಮ್ಮೆ ಹಾರಿ ತಕ್ಷಣ ಸುಮ್ಮನಾಗಬೇಕು, ಗಂಟೆಯಂತೆ ಅನುರಣಿಸಬಾರದು. ಪ್ರತಿ ಬೆಳಿಗ್ಗೆ ಟೈರಿನ ಗಾಳಿ, ಹೊರೆ ಎಷ್ಟು ಅಂತ ಒಂದು ಸಾಲು ಬರೆಸಿ. ಒಂದು ತಿಂಗಳು ಓಡಲಿ. ಆ ತಿಂಗಳಲ್ಲಿ ಒಂದು ದಿನ ನೀವೇ ಡ್ರೈವರ್ ಪಕ್ಕ ಕೂತು, ಕೈಯಲ್ಲಿ ಕಾಗದ ಹಿಡಿದು, ಇಡೀ ದಾರಿಯ ಗುಂಡಿಗಳನ್ನು ಅವರ ಬಾಯಲ್ಲೇ ಹೇಳಿಸಿ ಬರೆದುಕೊಳ್ಳಿ. ಯಾವ ಗುಂಡಿಯನ್ನು ಯಾವ ಕಡೆಯಿಂದ ತಪ್ಪಿಸುತ್ತಾರೆ ಅನ್ನುವುದನ್ನೂ ಕೇಳಿ. ತಿಂಗಳ ಕೊನೆಗೆ ನಿಮ್ಮ ನಕ್ಷೆಯನ್ನು ಆ ಕಾಗದದ ಪಕ್ಕ ಇಟ್ಟು ನೋಡಿ. ಕಾಗದದಲ್ಲಿದ್ದು ನಕ್ಷೆಯಲ್ಲಿ ಇಲ್ಲದ ಗುಂಡಿಗಳಿಂದ ಕೆಲಸ ಶುರುಮಾಡಿ.